ಎಂಟು ಉದ್ದ, ಆರು ಗಿಡ್ಡ

ಬೇರಿನ ತುದಿ ಕತ್ತರಿಸಲು ಬೆಳಗಿನ ಹೊತ್ತೇ ಸರಿ.
ಆಗ ಕೋಶಗಳು ಎರಡಾಗುತ್ತ ಇರುತ್ತವೆ,
ಬಿಸಿಲು ಇನ್ನೂ ಎದುರು ಕಟ್ಟಡದ ಟ್ಯಾಂಕು ದಾಟಿರುವುದಿಲ್ಲ.
ಶುಕ್ರವಾರ. ಶಾರ್ಜಾದ ರೋಲಾ ಬೀದಿಯಲ್ಲಿ
ಅಂಗಡಿಗಳ ಶಟರು ಅರೆಗಣ್ಣು ತೆರೆದಿವೆ.
ನಾನು ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು
ಲಬ್ನೆಯ ಡಬ್ಬಿಯ ಮಣ್ಣು ಕೆದಕಿ
ಬಿಳಿ ಬೇರೊಂದನ್ನು ಅಕ್ಕಿಕಾಳಿನಷ್ಟು ಚಿವುಟುತ್ತೇನೆ;
ತಪ್ಪಾಯ್ತು ಅನ್ನುತ್ತೇನೆ, ಗಿಡಕ್ಕೆ.

ಇದರ ತಾಯಿ ಲೋಳೆಸರ.
ಧೋಫಾರಿನ ಗುಡ್ಡದ್ದಂತೆ, ಲಾರಿಯ ಸೀಟಿನಡಿ
ಹಳೆ ಪೇಪರು ಹೊದ್ದು ಬಂದದ್ದು;
ತಂದವನು ನಮ್ಮ ವಾಚ್‌ಮನ್ ಇದ್ದಿನಬ್ಬರ ಭಾವ.
ತಂದೆ ಗ್ಯಾಸ್ಟೀರಿಯಾ,
ಆಫ್ರಿಕದ ದಕ್ಷಿಣ ತುದಿಯ ಕುಲ,
ನರ್ಸರಿಯಲ್ಲಿ ಹತ್ತು ದಿರ್ಹಮಿಗೆ ಮೂರು.
ದನದ ನಾಲಗೆಯಂಥ ದೊರಗು ಎಲೆ,
ಹೊಟ್ಟೆ ಉಬ್ಬರಿಸಿದ ಕೂಸಿನಂಥ ಹೂ.
ಮದುವೆ ಮಾಡಿಸಿದ್ದು ನಾನಲ್ಲ.
ಕುಂಚ ತೊಳೆದು ಇಟ್ಟುಕೊಂಡಿದ್ದೆ, ನಿಜ.
ಅಷ್ಟರಲ್ಲಿ ಒಂದು ಸೂರಕ್ಕಿ ಬಂದು
ಇಲ್ಲಿ ಕೊಕ್ಕಿಟ್ಟು, ಅಲ್ಲಿ ಕೊಕ್ಕಿಟ್ಟು
ಜಾತಕ ಕೇಳದೆ ಹಾರಿಹೋಯಿತು.

ಮೂರು ವರ್ಷ.
ಎಸಿಯ ಕೊಳವೆ ತೊಟ್ಟಿಕ್ಕಿದ್ದೇ ಅದಕ್ಕೆ ಎದೆಹಾಲು.

ವಾರದ ಉಳಿದ ದಿನ ನಾನು ಮನುಷ್ಯರನ್ನು ಎಣಿಸುತ್ತೇನೆ.
ಆಸ್ಪತ್ರೆಯ ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ,
ನಲವತ್ತಾರು. ನಲವತ್ತಾರು. ನಲವತ್ತಾರು.
ಕೆಲವೊಮ್ಮೆ ನಲವತ್ತೇಳು;
ಆಗ ಎದ್ದು ನೀರು ಕುಡಿದು ಇನ್ನೊಮ್ಮೆ ಎಣಿಸುತ್ತೇನೆ,
ಮೇಲಿನ ಮಹಡಿಯಲ್ಲಿ ಯಾರೋ ಇಬ್ಬರು
ಒಂದೇ ಫೈಲನ್ನು ನಾಲ್ಕು ಕೈಯಲ್ಲಿ ಹಿಡಿದು ಕೂತಿದ್ದಾರೆಂದು ಗೊತ್ತಿದ್ದೇ.
ಹಾಗಾಗಿ ನನಗೆ ಈ ಗಿಡ ಬೇಕು.
ಉತ್ತರ ಏನೇ ಬಂದರೂ
ಯಾರೂ ಕುಸಿದು ಕೂರದ ಒಂದು ಲೆಕ್ಕ ಬೇಕು.

ಬೇರನ್ನು ಆಮ್ಲದಲ್ಲಿ ಮೆತ್ತಗಾಗಿಸಿ, ಕೆಂಪು ಉಣಿಸಿ,
ಗಾಜಿನ ನಡುವೆ ಇಟ್ಟು ಹೆಬ್ಬೆರಳಲ್ಲಿ ಒತ್ತಬೇಕು.
ಹಪ್ಪಳದ ಉಂಡೆ ಒತ್ತಿದ ಹಾಗಲ್ಲ,
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೂ ಅಲ್ಲ,
ಅವೆರಡರ ನಡುವಿನದು; ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು.
"ಉಪ್ಪಿನಕಾಯಿಯಾ? ಹುಳಿ ವಾಸನೆ!"
ಪಕ್ಕದ ಬಾಲ್ಕನಿಯಿಂದ ಜೆಸಿಂತಾ.
ಹೂಂ ಅನ್ನುತ್ತೇನೆ.

ಕಂಡವು.
ಎಂಟು ಉದ್ದ, ಆರು ಗಿಡ್ಡ.
ಸಂತೆಗೆ ಹೊರಟ ದೊಡ್ಡವರು, ಬೆನ್ನಿಗೇ ಬಿದ್ದ ಪುಟ್ಟವರು.
ತಾಯಿಯಲ್ಲೂ ಇದೇ ಹದಿನಾಲ್ಕು, ತಂದೆಯಲ್ಲೂ ಇದೇ.
ಯಾವ ಎಳೆ ಗುಡ್ಡದ್ದು, ಯಾವುದು ಕಡಲಾಚೆಯದ್ದು,
ಬಣ್ಣ ಬಾಯಿ ಬಿಡುವುದಿಲ್ಲ.
ಎಷ್ಟೋ ಲಕ್ಷ ವರ್ಷ ಬೇರೆ ಬೇರೆ ಬಂಡೆಯಡಿ ಬಾಳಿಯೂ
ಮನೆಯ ಎಣಿಕೆಯನ್ನು ಇಬ್ಬರೂ ಬದಲಿಸಿಲ್ಲ.

"ಅಂದ್ರೆ ನಮ್ಮ ಹಾಗೇ," ಅಂದಳು ಜೆಸಿಂತಾ, ಕಣ್ಣು ಕೀಲಿಸಿ ನೋಡಿ.
ಅಲ್ಲ ಮಾರಾಯ್ತಿ. ಗಿಡ ಗಿಡವೇ.
ಅದಕ್ಕೆ ವೀಸಾ ಇಲ್ಲ, ಸಂಬಳದ ತಾರೀಕು ಇಲ್ಲ,
ನಮ್ಮ ಸಂಕಟಕ್ಕೆ ಅದೇಕೆ ಸಾಕ್ಷಿ ಹೇಳಬೇಕು?

ಈ ಸಲ ಹೂ ಬಿಟ್ಟಿತು, ಅರ್ಧ ಹೊಟ್ಟೆ ಅರ್ಧ ಕೊಳವೆ.
ಪರಾಗ ನೋಡಿದೆ: ಬಣ್ಣ ಹಿಡಿಯದ ಜೊಳ್ಳು.
ಎಳೆ ಮೊಗ್ಗು ಬಿಡಿಸಿ ಕಾರಣವನ್ನೂ ಕಂಡೆ.
ಸಂಖ್ಯೆ ಒಂದೇ; ಆದರೆ ಜೋಡಿ ಕೂಡುವಾಗ
ಒಳಗೆಲ್ಲೋ ಒಂದು ತುಂಡು ಹಿಂದುಮುಂದು,
ಬೇರೆಯಾಗುವ ಹೊತ್ತಿಗೆ ಎರಡು ಎಳೆ ಕೈ ಬಿಡಲಾರದೆ
ಸೇತುವೆಯಾಗಿ ಜಗ್ಗಿ ಜಗ್ಗಿ
ನಡುವೆ ಹರಿಯುತ್ತವೆ.
ಬೀಜವಿಲ್ಲ.
ಸೂರಕ್ಕಿ ಮಾತ್ರ ಬರುತ್ತದೆ, ಜೇನಿಗೇನೂ ಕಮ್ಮಿಯಿಲ್ಲವಲ್ಲ.

ನಿನ್ನೆ ಡಬ್ಬಿಯ ಅಂಚಲ್ಲಿ ಮಣ್ಣು ಬಿರಿದಿತ್ತು.
ಬಾಳೆಗೆ ಬಂದ ಹಾಗೆ ಕಂದು, ಒಂದಲ್ಲ, ಮೂರು.
ಒಂದನ್ನು ಚಹಾದ ಲೋಟದಲ್ಲಿ ನೆಟ್ಟು ಇದ್ದಿನಬ್ಬರಿಗೆ ಕೊಟ್ಟೆ.
ಹೆಸರು?
ಇನ್ನೂ ಇಟ್ಟಿಲ್ಲ.
ಕೂದಲಿಗೆ ಹಚ್ಚಬಹುದಾ?
ಗೊತ್ತಿಲ್ಲ.
ಲೋಟವನ್ನು ಗೂಡಿನ ಕಿಟಕಿಯಲ್ಲಿಟ್ಟು ಕನ್ನಡಕ ಏರಿಸಿ
ಬಂದುಹೋಗುವವರ ಪುಸ್ತಕ ತೆರೆದರು.
ಹೆಸರಿನ ಜಾಗದಲ್ಲಿ ಗೀಟು ಎಳೆದರು.
ಹೋಗುವ ಸಮಯ ಖಾಲಿ ಬಿಟ್ಟರು.
ಎಲ್ಲಿಂದ ಎಂಬಲ್ಲಿ ಒಂದು ಕ್ಷಣ ಪೆನ್ನು ತಡೆದು
ಬರೆದರು:
ಎರಡನೇ ಮಹಡಿ.